ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರು

ಹಾಫ್‌ಮನ್ ಎಸ್ಟೇಟ್ಸ್
2 ಫೆಬ್ರುವರಿ 2026, ಸೋಮವಾರ

ಪ್ರೀತಿಯ ನಮ್ಮ ಮನೆಯವರಿಗೆ,

ನಿಮ್ಮ ಗಂಗಾ ಮಾಡುವ ನಮಸ್ಕಾರ. ನಾನಿಲ್ಲಿ ಕ್ಷೇಮ. ನೀವು ಹೇಗಿದ್ದೀರಿ? ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ? ಕಳೆದ ಸಲ ಕಟ್ಟಿಕೊಟ್ಟ ರೊಟ್ಟಿ ಮುಗಿದವೋ, ಇಲ್ಲ ಮಿಷಿಗನ್‌ನ ವೆಸ್ಟ್ ಬ್ಲೂಮ್‌ಫೀಲ್ಡಿನ ಆ ಬಾಡಿಗೆ ಮನೆಯಲ್ಲಿ ಹಾಗೇ ಕೂತಿವೆಯೋ? ಎಲ್ಲಕ್ಕಿಂತ ಮೊದಲು, ಕಣ್ಣು ಹೇಗಿದೆ? ಫೋನಿನಲ್ಲಿ ಕೇಳಿದರೆ "ಆರಾಮ ಅದ, ನೀ ಸುಮ್ನ ಗಾಬರಿ ಆಗಬ್ಯಾಡ" ಎಂದು ಮುಗಿಸಿಬಿಡುತ್ತೀರಿ. ಆಮೇಲೆ ನನಗೆ ಸಿಟ್ಟು ಬರುತ್ತದೆ, ನಿಮಗೆ ಮೀಟಿಂಗ್ ಬರುತ್ತದೆ. ಅದಕ್ಕೇ ಈ ಕಾಗದ. ನಮ್ಮ ಮದುವೆ ಗೊತ್ತಾದ ವರ್ಷ ನೀವು ಇಲ್ಲೇ ಹತ್ತಿರದ ಸ್ಕೋಕಿಯಿಂದ ಬಿಜಾಪುರಕ್ಕೆ ಬರೆಯುತ್ತಿದ್ದ ಕಾಗದಗಳಲ್ಲಿ ಅರ್ಧಕ್ಕರ್ಧ ಹಿಮದ ವರ್ಣನೆಯೇ ಇರುತ್ತಿತ್ತು. ನಮ್ಮಪ್ಪ ಓದಿ, "ಈ ಹುಡುಗ ನಿನಗ ಬರಿಯಾಕತ್ತಾನೋ, ಹವಾಮಾನ ಇಲಾಖೆಗೋ?" ಎಂದು ನಕ್ಕಿದ್ದರು. ಈಗ ಹಿಮದ ಸುದ್ದಿ ಬರೆಯುವ ಸರದಿ ನನ್ನದು.

ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಸಂಜೆ ಸ್ವರೂಪಳನ್ನು ಕರೆತರಲು ಏರ್‌ಪೋರ್ಟಿಗೆ ಹೊರಟಾಗ ಕಾರು ಪಕ್ಕದ ಲಾರಿಯ ಕಡೆಗೆ ವಾಲಿತಲ್ಲ, ಆಗ "ರಸ್ತೆ ಜಾರ್ತದ" ಎಂದಿರಿ. ರಸ್ತೆ ಒಣಗಿತ್ತು. ನನಗೆ ಲಾರಿ ಕಾಣುತ್ತಿತ್ತು, ನಿಮಗೆ ಕಾಣಲಿಲ್ಲ. ಮಗಳು ಬರುವ ದಿನ ಜಗಳ ಬೇಡವೆಂದು ಬಾಯಿ ಮುಚ್ಚಿಕೊಂಡೆ. ಅಂದಿನಿಂದ ನೀವು ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಮುನ್ನೂರು ಮೈಲಿ ಓಡಿಸಿಕೊಂಡು ಬರುವಾಗ, ಗರಾಜಿನ ಬಾಗಿಲು ಏಳುವ ಸದ್ದು ಕೇಳುವವರೆಗೆ ನನ್ನ ಜೀವ ನನ್ನಲ್ಲಿ ಇರುವುದಿಲ್ಲ. ಹೋಗಲಿ, ನಾನೇ ಬರೋಣವೆಂದರೆ ನನಗೆ ಚಳಿಗಾಲದ ರಸ್ತೆ ಗೊತ್ತಿಲ್ಲ.

ಗೊತ್ತಿಲ್ಲದಂತೆ ಮಾಡಿದವರೂ ನೀವೇ. ನೆನಪಿದೆಯೇ, ಸ್ಕೋಕಿಯ ಮೊದಲ ಚಳಿಗಾಲ? ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನನಗೆ ಕಾರು ಕಲಿಸುತ್ತಿದ್ದಿರಿ. ಥರ್ಮಾಸಿನ ಚಹಾ ಹೀರುತ್ತ ಪಕ್ಕದಲ್ಲಿ ಜಮಖಾನೆಯ ಮೇಲೆ ಕೂತ ಗೌಡರ ಹಾಗೆ ಕೂತಿರುತ್ತಿದ್ದಿರಿ. ಒಂದು ದಿನ ರಾತ್ರಿ ಬಿದ್ದ ಹಿಮದ ಮೇಲೆ ಆ ಕೆಂಪು ಕೊರೊಲಾ ಜಾರಿ, ಸಾಲಾಗಿ ನಿಂತ ಶಾಪಿಂಗ್ ಕಾರ್ಟುಗಳಿಗೆ ಹೋಗಿ ಗುದ್ದಿತು. ನಾನು ಅತ್ತೆ, ನೀವು ನಕ್ಕಿರಿ. ನಿಮ್ಮ ಪ್ಯಾಂಟಿನ ಮೇಲೆ ಚಹಾ. ಆಗ ಹೇಳಿದಿರಿ: "ಬ್ಯಾಸಗಿ ನಿಂದು, ಚಳಿಗಾಲ ನಂದು. ಮುಗೀತು." ನನಗೆ ಆ ಮಾತು ಎಷ್ಟು ಹಿತವಾಗಿತ್ತೆಂದರೆ, ದೀಪಾವಳಿಯಿಂದ ಯುಗಾದಿಯವರೆಗೆ ಸ್ಟೀರಿಂಗ್ ಮುಟ್ಟದೆ ಇಪ್ಪತ್ತಾರು ವರ್ಷ ಕಳೆದುಬಿಟ್ಟೆ. ಇಲ್ಲಿನ ಆಫೀಸು ಮುಚ್ಚಿ ನೀವು ಮಿಷಿಗನ್‌ಗೆ ಹೋದ ಈ ಎರಡು ಚಳಿಗಾಲವೂ ಪಕ್ಕದ ಮನೆ ಭಾನು ಜೊತೆಗೇ ಅಂಗಡಿಗೆ ಹೋಗಿಬಂದೆ. ಅವಳೇನೂ ಅನ್ನುವುದಿಲ್ಲ, ನನಗೇ ನಾಚಿಕೆ.

ಮೊನ್ನೆ ಶನಿವಾರ ಭಾನು ಮನೆಯಲ್ಲಿ ಪೂಜೆಯಿದೆ, ಫೋನ್ ಮಾಡಬೇಡಿ ಎಂದಿದ್ದೆನಲ್ಲ, ಅದು ಸುಳ್ಳು. ಪೂಜೆಯೇನೋ ಆಯಿತು, ಆದರೆ ವಿಸ್ಕಾನ್ಸಿನ್‌ನಲ್ಲಿ, ಹೆಪ್ಪುಗಟ್ಟಿದ ಒಂದು ಕೆರೆಯ ಮೇಲೆ. ಭಾನು ಮಗಳು ಅನಿಕಾಗೆ ಕಾರಿನ ಹುಚ್ಚು ಎಂದು ನಿಮಗೆ ಗೊತ್ತೇ ಇದೆ. ಅವಳೂ ಅವಳಂಥ ಮೂವತ್ತು ಜನರೂ ಪ್ರತಿ ಚಳಿಗಾಲ ಅಲ್ಲಿ ಸೇರಿ, ಕಿತ್ತಳೆ ಬಣ್ಣದ ಕೋನುಗಳನ್ನಿಟ್ಟು ಟ್ರ್ಯಾಕ್ ಮಾಡಿಕೊಂಡು, ಬೇಕೆಂದೇ ಜಾರುತ್ತಾರೆ. ಜಾರಿ ನಗುತ್ತಾರೆ. ಸೀರೆ ಬಿಟ್ಟು ಸ್ವರೂಪಳ ಹಳೆಯ ಸ್ನೋ ಪ್ಯಾಂಟ್ ಹಾಕಿಕೊಂಡು ನಮ್ಮ ನೀಲಿ ಕಾರಿನ ಜೊತೆ ನಿಂತ ಐವತ್ತೆರಡರ ಹೆಂಗಸು ನಾನೊಬ್ಬಳೇ. ಮೈನಸ್ ನಾಲ್ಕು ಡಿಗ್ರಿ. ಮಂಜುಗಡ್ಡೆ ಹದಿನಾಲ್ಕು ಇಂಚು ದಪ್ಪ ಇದೆಯೆಂದು ಕೊರೆದು ತೋರಿಸಿದರು, ಆದರೂ ನನಗೆ ಕಾಣುತ್ತಿದ್ದದ್ದು ಕೆಳಗಿನ ನೀರೇ.

ಕಲಿಸುವಾತ ಡೇಲ್ ಎಂಬ ಮುದುಕ. ಮೂವತ್ತು ವರ್ಷ ಕೌಂಟಿ ಸರ್ಕಾರದ ಹಿಮ ತೆಗೆಯುವ ಲಾರಿ ಓಡಿಸಿದವನು. ಮೊದಲ ದಿನವೆಂದು ನಾನು ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ವಿಭೂತಿ ಹಚ್ಚಿ, ಕಾರು ಹತ್ತಿದೆ. ಹಣ್ಣಿನ ಚೀಲ ಹಿಂದಿನ ರಾತ್ರಿಯೆಲ್ಲ ಡಿಕ್ಕಿಯಲ್ಲೇ ಇತ್ತೆಂಬುದು ನನ್ನ ತಲೆಗೆ ಹೋಗಿರಲಿಲ್ಲ. ಅವು ಕಲ್ಲಾಗಿದ್ದವು. ಆಕ್ಸಿಲರೇಟರ್ ತುಳಿದರೆ ಹಣ್ಣು ಒಡೆಯಲಿಲ್ಲ, ಕಾರು ಮುಂದೆ ಹೋಗಲಿಲ್ಲ, ಚಕ್ರ ಸುಯ್ಯೆಂದು ತಿರುಗಿತು. ಇನ್ನೂ ಜೋರಾಗಿ ತುಳಿದೆ. ಒಂದು ನಿಂಬೆ ಗೋಲಿಯ ಹಾಗೆ ಹಾರಿ ದೂರದ ಕೋನಿಗೆ ಬಡಿಯಿತು. ಕಾರಿನಿಂದ ಏನೋ ಕಳಚಿ ಬಿತ್ತೆಂದು ಡೇಲ್ ಕೆಂಪು ಬಾವುಟ ಬೀಸಿ ಟ್ರ್ಯಾಕನ್ನೇ ನಿಲ್ಲಿಸಿಬಿಟ್ಟ! ಪಾಪ, ಮಂಜಿನ ಮೇಲೆ ಅಂಗಾತ ಮಲಗಿ ಕಾರಿನಡಿ ಹುಡುಕಿದ. ಅನಿಕಾ ನಗು ತಡೆಯಲಾರದೆ ಅವನಿಗೆ ಎಲ್ಲ ಬಿಡಿಸಿ ಹೇಳಿದಳು. ಅವನು ನಗಲಿಲ್ಲ. ಹಣ್ಣು ಕೈಯಲ್ಲಿ ಹಿಡಿದು, ಇದೇ ಮೊದಲ ಪಾಠ, ಮಂಜಿನ ಮೇಲೆ ಜೋರು ಮಾಡಿದರೆ ಏನೂ ನಡೆಯುವುದಿಲ್ಲ, ಮೆಲ್ಲಗೆ ಕೇಳಬೇಕು ಎಂದ. ಉಳಿದ ಮೂರನ್ನೂ ತೆಗೆದು ಮೆಲ್ಲಗೆ ತುಳಿದೆ. ಕಾರು ಹೊರಟಿತು.

ಮುಂದಿನದು ಸುಲಭವಾಗಲಿಲ್ಲ. ಬ್ರೇಕ್ ಒತ್ತಿದಾಗ ಕಾಲಡಿ ಗಡಗಡ ಎಂದಿತು, ಏನೋ ಮುರಿಯಿತೆಂದು ಕಾಲೆತ್ತಿಬಿಟ್ಟೆ. ಅದು ಹಾಗೇ ನಡುಗುತ್ತದಂತೆ, ಬಿಡದೆ ಒತ್ತಿ ಹಿಡಿಯಬೇಕಂತೆ. ತಿರುವಿನಲ್ಲಿ ಕಾರಿನ ಹಿಂಭಾಗ ಸರ್ರನೆ ಜಾರಿದಾಗ ನಾನು ಕೋನನ್ನೇ ನೋಡುತ್ತ ಕೋನಿಗೇ ಹೋಗಿ ಗುದ್ದುತ್ತಿದ್ದೆ. ಪಕ್ಕದಲ್ಲಿದ್ದ ಅನಿಕಾ ಪ್ರತಿ ಸಲವೂ, "ಆಂಟಿ, ಡೋಂಟ್ ಲುಕ್ ಅಟ್ ದ ಕೋನ್! ಹೋಗಬೇಕಾದ ಕಡೆ ನೋಡಿ!" ಎನ್ನುತ್ತಿದ್ದಳು. ಹನ್ನೊಂದು ಕೋನು ಬೀಳಿಸಿದೆ. ಹನ್ನೆರಡನೆಯ ಸಲ ಕಾರು ಪೂರ್ತಿ ಸುತ್ತು ಹಾಕುವಾಗ ನನ್ನ ಬಾಯಿಂದ "ರೀ!" ಎಂದು ಬಂತು. ನೀವು ಅಲ್ಲಿರಲಿಲ್ಲ. ನನ್ನ ಕೈ ತಾನೇ ತಿರುಗಿತು, ಕಣ್ಣು ದಾರಿಯ ಕಡೆ ಹೋಯಿತು, ಕಾರು ನೆಟ್ಟಗಾಯಿತು. ಆಮೇಲೆ ಕಾರು ನಿಲ್ಲಿಸಿ ಅತ್ತೆ. ಅನಿಕಾ ಹೆದರಿ ಟಿಶ್ಯೂ ಕೊಟ್ಟಳು.

ಅತ್ತದ್ದು ಹೆದರಿಕೆಗಲ್ಲ. ಕನ್ನಡ ಕೂಟದ ದೀಪಾವಳಿಗೆಂದು ನಾವು ಡೆಟ್ರಾಯಿಟ್‌ಗೆ ಹೋಗಿ ಮರಳುತ್ತಿದ್ದ ಸಂಜೆಗಳು ನೆನಪಾದವು. ಹಿಂದಿನ ಸೀಟಿನಲ್ಲಿ ನಾಟಕದ ಕಿರೀಟ ಹಾಕಿಕೊಂಡೇ ಮಲಗಿದ ಸ್ವರೂಪ, ನನ್ನ ತೊಡೆಯ ಮೇಲೆ ಉಳಿದ ಹೋಳಿಗೆಯ ಡಬ್ಬಿ, ಕ್ಯಾಸೆಟ್ಟಿನಲ್ಲಿ ವಚನ. ಮಿಷಿಗನ್ ಸರೋವರದ ಗಾಳಿಗೆ ಹಿಮ ಅಡ್ಡಡ್ಡ ಹೊಡೆಯುತ್ತಿತ್ತು. ನೀವು ಒಂದು ಕೈಯಲ್ಲಿ ಗಾಜು ಒರೆಸುತ್ತ, "ನೀ ಮಲ್ಕೊ, ನಾ ಇದ್ದೀನಲ್ಲ" ಎನ್ನುತ್ತಿದ್ದಿರಿ. ನಾನು ಮಲಗುತ್ತಿದ್ದೆ. ನಿಜವಾಗಿಯೂ ನಿದ್ದೆ ಹೋಗುತ್ತಿದ್ದೆ! ರೀ, ಆಗೆಲ್ಲ ನಿಮಗೂ ಹೀಗೇ ಹೆದರಿಕೆಯಾಗುತ್ತಿತ್ತೇ? ಒಂದು ದಿನವೂ ಹೇಳಲಿಲ್ಲವಲ್ಲ. ಇಷ್ಟು ವರ್ಷ ನಿಮ್ಮನ್ನು ಧೈರ್ಯವಂತರು ಎಂದುಕೊಂಡಿದ್ದೆ. ಈಗ ಗೊತ್ತಾಯಿತು, ನೀವೂ ಹೆದರಿಕೊಂಡೇ ನಮ್ಮನ್ನು ಮನೆ ಮುಟ್ಟಿಸುತ್ತಿದ್ದಿರಿ. ನನಗೆ ಅದರಿಂದ ನಿಮ್ಮ ಮೇಲೆ ಪ್ರೀತಿ ಹೆಚ್ಚೇ ಆಯಿತು.

ನಿನ್ನೆ ಭಾನುವಾರ ಹಿಮ ಬೀಳುತ್ತಿರುವಾಗಲೇ ಒಬ್ಬಳೇ ಕಾರು ತೆಗೆದು ಸ್ಕೋಕಿಗೆ ಹೋಗಿಬಂದೆ. ನಮ್ಮ ಹಳೆಯ ಅಪಾರ್ಟ್‌ಮೆಂಟಿಗೆ ಬೇರೆ ಬಣ್ಣ ಹೊಡೆದಿದ್ದಾರೆ. ಆ ಪಾರ್ಕಿಂಗ್ ಲಾಟಿನಲ್ಲಿ ಎರಡು ಸುತ್ತು ಹಾಕಿದೆ, ಎಲ್ಲಿಗೂ ಗುದ್ದಲಿಲ್ಲ.

ಭಾನು ಗಂಡ ಶ್ರೀಹರಿ ಕೆಲಸದ ಮೇಲೆ ನಾಳೆ ನಿಮ್ಮ ಕಡೆಗೇ ಬರುತ್ತಿದ್ದಾನೆ. ಶೇಂಗಾ ಚಟ್ನಿ ಪುಡಿಯ ಚೀಲದಲ್ಲಿ ಈ ಕಾಗದ ಇಟ್ಟಿದ್ದೇನೆ, ಚಟ್ನಿ ಮೊದಲು ತಿಂದು ಕಾಗದ ಆಮೇಲೆ ಓದುವ ಬುದ್ಧಿ ಬೇಡ. ಕಿವಿ ಮುಚ್ಚಿಕೊಂಡು ಹೊರಗೆ ಹೋಗಿ. ಮೇಲಿರುವ ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇತಿ ನಿಮ್ಮವಳು,
ನೀಲಗಂಗಾ

ತಾ.ಕ.: ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಬಿಟ್ಟಿದ್ದೆ. ಜನವರಿ ಮೊದಲ ವಾರ ನಿಮ್ಮ ಕಣ್ಣಿನ ಡಾಕ್ಟರ ಆಫೀಸಿನಿಂದ ನನಗೆ ಫೋನ್ ಬಂದಿತ್ತು. ನೀವು ಎತ್ತಲಿಲ್ಲವಂತೆ, ಎರಡನೆಯ ನಂಬರ್ ನನ್ನದು. ಪೊರೆ ತೆಗೆಯುವ ಆಪರೇಷನ್ ಮೂರು ಸಲ ನೀವೇ ಕ್ಯಾನ್ಸಲ್ ಮಾಡಿದ್ದೀರಂತೆ. ಮುಗಿದ ಮೇಲೆ ಮನೆಗೆ ಕರೆದೊಯ್ಯಲು ಯಾರಾದರೂ ಬೇಕೇ ಬೇಕು, ನಿಮ್ಮ ಫಾರ್ಮಿನಲ್ಲಿ ಆ ಜಾಗದಲ್ಲಿ "ಯಾರೂ ಇಲ್ಲ" ಎಂದು ಬರೆದಿದೆ ಎಂದಳು ಫೋನ್ ಮಾಡಿದ ಹುಡುಗಿ. ಯಾರೂ ಇಲ್ಲವೇ? ಇವತ್ತು ಬೆಳಿಗ್ಗೆ ನಾನೇ ಫೋನ್ ಮಾಡಿ ಹನ್ನೆರಡನೇ ತಾರೀಖು ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಹೆಸರು ಹಚ್ಚಿಸಿದ್ದೇನೆ. ಡ್ರೈವರ್ ಯಾರು ಎಂದು ಕೇಳಿದಳು, ನನ್ನ ಹೆಸರು ಬರೆಸಿದೆ. ಈ ಶುಕ್ರವಾರ ನೀವು ಕಾರು ತೆಗೆಯಬೇಡಿ. ಹಿಂದಿನ ದಿನ, ಹನ್ನೊಂದರ ಬುಧವಾರ, ಹಿಮ ಬಿದ್ದರೂ ನಾನು ಬರುತ್ತೇನೆ. ನೀವು ಒಂದು ಸಲ ಅವರಿಗೆ ಫೋನ್ ಮಾಡಿ ಹ್ಞೂಂ ಎನ್ನಬೇಕಂತೆ. ಹ್ಞೂಂ ಅನ್ರಿ.