ಮೂರು ಬಣ್ಣದ ಮಣ್ಣು

ರಿಕ್ಕರ್ಟನ್, ಕ್ರೈಸ್ಟ್‌ಚರ್ಚ್
೨೨ ಆಗಸ್ಟ್, ಶುಕ್ರವಾರ ಮಧ್ಯಾಹ್ನ

ಚಿ. ಸೌ. ರಮಾಳಿಗೆ ಮಾವನ ಆಶೀರ್ವಾದಗಳು.

ನಿಮ್ಮಮ್ಮನ ಮಂಡಿ ಈಗ ಮಡಚಲು ಬರುತ್ತದೆಯೇ? ಆಪರೇಷನ್ ಆದಮೇಲೆ ನೋವಿಗೆ ಹೆದರಿ ಮಲಗಿಬಿಟ್ಟರೆ ಕಾಲು ಕಟ್ಟಿಗೆಯಾಗುತ್ತದೆ, ಬೈದಾದರೂ ನಡೆಸು. ನಾವಿಲ್ಲಿ ಕ್ಷೇಮ. ನೀನು ಮೈಸೂರಿಗೆ ಹೋದಮೇಲೆ ನಿಧಿ ಜಡೆಗೆ ನನ್ನ ಹತ್ತಿರವೇ ಬರುತ್ತಾಳೆ, ಸೊಟ್ಟ ಹಾಕಿದೆನೆಂದು ಇಂಗ್ಲಿಷಿನಲ್ಲಿ ಬೈಯುತ್ತಾಳೆ. ಈಗ ಬರೆಯುವ ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅನಿಲ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಾನಲ್ಲ. ಅದಕ್ಕೇ ಈ ಕಾಗದವನ್ನು ಪಕ್ಕದ ಮನೆಯ ನಿಖಿತಾ ಕೈಲಿ ಫೋಟೋ ತೆಗೆಸಿ ಕಳಿಸುತ್ತಿದ್ದೇನೆ.

ಹೋದ ಭಾನುವಾರ ಅನಿಲ ನನ್ನನ್ನೂ ನಿಧಿಯನ್ನೂ ಒಳನಾಡಿನ ಮರುಭೂಮಿಗೆ ಕರೆದುಕೊಂಡು ಹೋಗಿದ್ದ. ನ್ಯೂಜಿಲೆಂಡಿನಲ್ಲಿ ಹುಲ್ಲೂ ಹುಟ್ಟದ ನೆಲವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಸರ್ಕಾರ ಬೇಲಿ ಹಾಕಿ ಕಾಪಾಡಿದ ಜಾಗ. ಮರಳುಗಲ್ಲಿನ ಕಂಬಗಳು ತಲೆಯ ಮೇಲೆ ಹೊರೆ ಹೊತ್ತ ಹೆಂಗಸರ ಹಾಗೆ ಸಾಲಾಗಿ ನಿಂತಿವೆ: ಕೆಂಪು, ಅರಿಶಿನ, ಬುಡಕ್ಕೆ ಗುಲಾಬಿ ಪಟ್ಟೆ. ಒಂದು ಹಕ್ಕಿಯಿಲ್ಲ. ಬಿ.ಎ.ಯಲ್ಲಿ 'ಸಬ್ಲೈಮ್' ಎಂಬ ಪದಕ್ಕೆ ಮೇಷ್ಟ್ರು ಒಂದು ಗಂಟೆ ಅರ್ಥ ಹೇಳಿದ್ದರು, ಪರೀಕ್ಷೆ ಮುಗಿದದ್ದೇ ಮರೆತಿದ್ದೆ. ಅಲ್ಲಿ ನಿಂತಾಗ ನೆನಪಾಯಿತು: ಚೆಂದ ಹೌದು, ಆದರೆ ಹತ್ತಿರ ಹೋಗಬಾರದ ಚೆಂದ. ಕಂಬಗಳ ಹಿಂದಿನ ಗೋಡೆ ಹೆಸರಿಗಷ್ಟೇ ಕಲ್ಲು; ಬೆರಳಾಡಿಸಿದರೆ ಒಣಗಿದ ರವೆಉಂಡೆಯ ಹಾಗೆ ಉದುರುತ್ತದೆ. ಗೋಡೆಯಿಂದ ದೂರವಿರಿ, ಮಣ್ಣು ತೆಗೆಯಬೇಡಿ ಎಂದು ಫಲಕವೂ ಇತ್ತು. ನಿನ್ನ ಗಂಡ, "ಗಣಪತಿಗೆ ತಾನೆ ಅಪ್ಪಾ, ಯಾರೂ ಏನೂ ಅನ್ನಲ್ಲ" ಎಂದ.

ವಿಷಯ ಅದೇ. ಈ ಸಲದ ಹಬ್ಬಕ್ಕೆ ಬಣ್ಣ ಬಳಿಯದೆ, ಮೂರು ಬಣ್ಣದ ಮಣ್ಣಿನಲ್ಲೇ ಗಣಪನನ್ನು ಮಾಡಬೇಕು, ಕನ್ನಡ ಸಂಘದವರೆಲ್ಲ ಬಾಯಿ ಬಿಡಬೇಕು ಎಂದು ಅವನ ಹಟ. ಗುಲಾಬಿ ಮಣ್ಣು ಗೋಡೆಯ ಬುಡದಲ್ಲಿತ್ತು. ನಿಧಿ ಊಟದ ಡಬ್ಬಿಯ ಚಮಚದಲ್ಲಿ ಕೆದಕಿ ಕೆದಕಿ ಬಿಲ ಮಾಡಿ, ತಲೆ, ಭುಜ ಎರಡನ್ನೂ ಒಳಗೆ ತೂರಿಸಿದ್ದಳು. ಆಗ ನನಗೆ ಸುರ್ ಎಂದು ಕೇಳಿಸಿತು, ಮೇಲೆ ಯಾರೋ ಅಕ್ಕಿ ಕೇರುತ್ತಿದ್ದ ಹಾಗೆ. ಹೇಳಿದೆ. "ತಾತಾ, ಇಟ್ಸ್ ಜಸ್ಟ್ ವಿಂಡ್" ಅಂದಳು ಅವಳು. "ನಿಮ್ಮ ಕಿವಿ ಮಿಷಿನ್ನಿಗೆ ಬ್ಯಾಟರಿ ಮುಗೀತಾ ಬಂದಿದೆ ಅಪ್ಪಾ" ಅಂದ ಇವನು. ಮಿಷಿನ್ನು ತೆಗೆದಿಟ್ಟು ಗೋಡೆಗೆ ಅಂಗೈ ಒತ್ತಿದೆ. ಜ್ವರ ಬಂದವರ ಮೈಯ ಹಾಗೆ ಒಳಗೆ ಸಣ್ಣಗೆ ನಡುಗುತ್ತಿತ್ತು. ನಾನೇ ನಿಧಿಯ ಕಾಲು ಹಿಡಿದು ಎಳೆದೆ. ಇಬ್ಬರೂ ನಕ್ಕರು.

ತಂದ ಮಣ್ಣು ಸಾಲದಂತೆ. ನಾಳೆ ನಿಧಿಯ ಜೊತೆಗೆ ಸಂಘದ ಇನ್ನೂ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋಗುತ್ತಾನೆ. ಹೊಸ ಗುದ್ದಲಿ ಬೇರೆ ತಂದಿದ್ದಾನೆ. ನಿಮ್ಮತ್ತೆ ಇದ್ದಿದ್ದರೆ ಕಿವಿ ಹಿಂಡಿ ಕೂರಿಸುತ್ತಿದ್ದಳು. ನನ್ನ ಮಾತು ಅವನಿಗೆ ಮುದುಕನ ಪುಕ್ಕಲುತನ.

ನಿಮ್ಮಮ್ಮನಿಗೆ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ ತಾಯಿ.

ಇಂತಿ, ನಿನ್ನ ಮಾವ
ದತ್ತಾತ್ರೇಯ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ವಾಪಸು ಕಾರು ಹತ್ತುವಾಗ ಟೋಪಿ ಮರೆತೆನೆಂದು ನಾನೊಬ್ಬನೇ ಹಿಂದಕ್ಕೆ ಹೋದೆ. ನಿಧಿಯ ಬಿಲ ಅಲ್ಲಿರಲಿಲ್ಲ. ಅವಳ ತಲೆಯಿದ್ದ ಜಾಗದಲ್ಲಿ ನನ್ನೆದೆ ಮಟ್ಟಕ್ಕೆ ಮಣ್ಣು ಕುಸಿದು ಕೂತಿತ್ತು. ಅನಿಲನಿಗೆ ಹೇಳಿದರೆ, "ನೀವು ಬೇರೆ ಗೋಡೆ ನೋಡಿದೀರಿ, ಎಲ್ಲ ಒಂದೇ ಥರ ಇರುತ್ತೆ" ಅನ್ನುತ್ತಾನೆ. ನಿನ್ನೆಯಿಂದ ಆ ಕಡೆ ಮಳೆಯಂತೆ. ನೀನು ಬೇಡವೆಂದರೆ ಮಾತ್ರ ಕೇಳುತ್ತಾನೆ. ಓದಿದ ತಕ್ಷಣ ಫೋನ್ ಮಾಡು. ಕಾರಿನ ಒಂದು ಕೀ ನನ್ನ ಜೇಬಿನಲ್ಲಿದೆ. ಇನ್ನೊಂದನ್ನು ಎಲ್ಲಿಟ್ಟಿದ್ದೀಯ, ನನಗೆ ಮಾತ್ರ ಹೇಳು.