ಬಾಗಿಲು ತೆರೆದಿರಲಿ

ಕೈಯಿಂದಲೇ ಬೆನ್ನುಮೂಳೆ ಸರಿಪಡಿಸುವ ಕೈರೊಪ್ರಾಕ್ಟರ್ ಡಾಕ್ಟರಿಗೆ ನಮಸ್ಕಾರಗಳು.

ಬೆನ್ನುನೋವಿರುವ ಓಟಗಾರ್ತಿಯ ತಾಯಿ ನಾನು. ನಿನ್ನೆ ಫೋನಿನಲ್ಲಿ ನಿಮ್ಮ ಓದು, ಪರವಾನಗಿ ಎಲ್ಲವನ್ನೂ ಕೆದಕಿ ಕೇಳಿದವಳು. ನೀವು ಬೇಸರಿಸಿಕೊಳ್ಳಲಿಲ್ಲ. ಕಾರಣ ಹೇಳಬೇಕೆನಿಸಿತು.

ನನ್ನ ಮಗ ಕುಸ್ತಿ ಆಡುತ್ತಿದ್ದ. ಕುತ್ತಿಗೆ ಉಳುಕಿದಾಗ, ಕ್ರೀಡಾಂಗಣದ ಪಕ್ಕ ಕೈರೊಪ್ರಾಕ್ಟರ್ ಎಂದು ಬೋರ್ಡು ಹಾಕಿಕೊಂಡವನೊಬ್ಬನ ಬಳಿ ಹೋದೆವು. ಅವನು ಏನೂ ಕಲಿತವನಲ್ಲವೆಂದು ಆಮೇಲೆ ಗೊತ್ತಾಯಿತು. "ಒಂದೇ ನಿಮಿಷ ಕಣಮ್ಮ, ಬಂದೆ" ಎಂದು ನಗುತ್ತ ಒಳಗೆ ಹೋದ ಮಗನನ್ನು ಹೊತ್ತು ತಂದರು. ಅವನು ಉಳಿಯಲಿಲ್ಲ. ಪರದೆಯಾಚೆ ಕೇಳಿದ್ದ 'ಟಕ್' ಎಂಬ ಸದ್ದು ಮಾತ್ರ ನನ್ನ ಹಿಂದೆಯೇ ಮನೆಗೆ ಬಂತು. ಇಂದಿಗೂ ನಮ್ಮಲ್ಲಿ ಯಾರೂ ನೆಟಿಗೆ ಮುರಿಯುವುದಿಲ್ಲ.

ಮಗಳಿಗಾಗಿ ಬೇರೆ ಇಬ್ಬರು ಡಾಕ್ಟರನ್ನೂ ಹೀಗೇ ವಿಚಾರಿಸಿದೆ. "ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ರೇಗಿದರು. ನೀವು "ಮೊದಲು ಎಕ್ಸ್‌ರೇ ನೋಡ್ತೀನಿ, ಬೇಡ ಅನ್ಸಿದ್ರೆ ಮುಟ್ಟೋದೇ ಇಲ್ಲ" ಎಂದಿರಿ. ಅದಕ್ಕೇ ನಿಮ್ಮಲ್ಲಿಗೆ ಬರುತ್ತಿದ್ದೇವೆ.

"ಅಮ್ಮ, ನೀನು ಹೊರಗೇ ಕೂತಿರು. ನಿನ್ನ ಮುಖ ನೋಡಿದ್ರೆ ನಂಗೆ ಭಯ ಆಗುತ್ತೆ" ಎಂದಿದ್ದಾಳೆ ಮಗಳು. ಕೂರುತ್ತೇನೆ. ಬಾಗಿಲು ಮಾತ್ರ ತೆರೆದಿಡಿ. ಅವಳನ್ನು ಏನಾದರೂ ಮಾತಾಡಿಸುತ್ತಲೇ ಇರಿ. ಅವಳ ದನಿ ನನಗೆ ಕೇಳುತ್ತಿರಬೇಕು.

ಇಂತಿ,
ಸೋಮವಾರ ಬರಲಿರುವ ಹುಡುಗಿಯ ತಾಯಿ