ಎತ್ತಿಗೆ ತೆಲುಗು ಕಲಿಸಿದ್ದು

ಕಡಪದ ಕಡೆಯ ಹಳ್ಳಿಯಿಂದ, ಗುರುವಾರ

ಅತ್ತಿಗೆಯವರಿಗೆ ನಮಸ್ಕಾರ. ನಿಮ್ಮ ಎತ್ತು ಬೂದ ಮೊನ್ನೆಯಿಂದ ಮೇವು ತಿನ್ನುತ್ತಿದ್ದಾನೆ, ಇನ್ನು ನೀವೂ ಊಟ ಬಿಡಬೇಡಿ.

ಅಜ್ಜಂಪುರದಲ್ಲಿ ಇವನನ್ನು ಕೊಂಡ ರೆಡ್ಡಿಯವರು "ರಾ ರಾ" ಎಂದರೆ ಕಲ್ಲುಬಸವನ ಹಾಗೆ ನಿಲ್ಲುತ್ತಿದ್ದ, ನಾನು "ಬಾರೋ" ಎಂದರೆ ಓಡಿ ಬರುತ್ತಿದ್ದ. ಅದಕ್ಕೇ ಇವನನ್ನು ಬಿಡಲು ಬಂದ ನನ್ನನ್ನು ಅವರು ಎಂಟು ದಿನ ಇಲ್ಲೇ ಉಳಿಸಿಕೊಂಡರು. ಅವರು ಹೇಳಿಕೊಟ್ಟ ತೆಲುಗಿನಲ್ಲೇ ನಾನು ಅವನನ್ನು ಮಾತಾಡಿಸಬೇಕು, ಕನ್ನಡ ಕೂಡದು. ನನ್ನ ತೆಲುಗು ಕೇಳಿ ರೆಡ್ಡಿಯವರ ತಾಯಿ, "ಮೇಷ್ಟ್ರಿಗಿಂತ ಎತ್ತೇ ವಾಸಿ" ಎಂದು ನಗುತ್ತಾರೆ. ನಾಲಿಗೆ ದಣಿದಿದೆ. ಮಂಡಿನೋವಿಗೆ ನೀವು ಕೊಟ್ಟ ಎಣ್ಣೆಯೂ ಮುಗಿಯಿತು.

ಇವತ್ತು ರೆಡ್ಡಿಯವರು ಕರೆದಾಗ ಬೂದ ಒಮ್ಮೆ ನನ್ನ ಮುಖ ನೋಡಿದ. ಬಾಯಿಗೆ ಬಂದ ಕನ್ನಡವನ್ನು ನುಂಗಿಕೊಂಡು, ತೆಲುಗಿನಲ್ಲೇ "ಪೋ" ಎಂದೆ. ಹೋದ.

ನಾಳೆ ಬಸ್ಸು ಹತ್ತುತ್ತೇನೆ.

ನಿಮ್ಮ ಮೈದುನ ಶಶಿಧರ